ಒಂದೇ ಬುಟ್ಟಿಯ ಬಟ್ಟೆ

ಗಾಯಕ್ಕೆ ಪಟ್ಟಿ ಕಟ್ಟುವವರು ಎಲ್ಲ ಆಸ್ಪತ್ರೆಗಳಲ್ಲೂ ಇದ್ದಾರೆ. ಗಾಯದ ಬೆನ್ನಿಗೇ ಬರುವ ದ್ವೇಷವೂ ತಮ್ಮ ಶುಶ್ರೂಷೆಗೆ ಸೇರಿದ್ದೆಂದು ತಿಳಿದವರು ವಿರಳ. ನಮ್ಮ ಮಿಷನ್ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ, ರೋಗಿಗಳೆಲ್ಲ ‘ಸಿಸ್ಟರಮ್ಮ’ ಎಂದೇ ಕರೆಯುವ ಹಿರಿಯ ದಾದಿ ಅಂಥವರಲ್ಲಿ ಒಬ್ಬರು.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವರು ಬೆಡ್‌ಪ್ಯಾನನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕೊಡುವ ಅಭ್ಯಾಸ ಇಟ್ಟುಕೊಂಡರು. ಯಾರೂ ಹೇಳಿಕೊಟ್ಟದ್ದಲ್ಲ. ಚರ್ಚಿನ ಸಭಾಪಾಲಕರು ವಾರ್ಡಿಗೆ ಬಂದು ಸಮಾಧಾನದ ಬಗ್ಗೆ ನಾಲ್ಕು ಮಾತು ಹೇಳಲೇ ಎಂದರೆ, “ಮೊದಲು ನೋವಿನ ಮಾತ್ರೆ ಕೊಟ್ಟುಬಿಡ್ತೀನಿ ಅಯ್ಯನವರೇ, ಕೇಳಿಸ್ಕೊಳ್ಳೋಕಾದ್ರೂ ಆಗ್ಬೇಕಲ್ಲ” ಎನ್ನುತ್ತಿದ್ದರು.

ವಾರ್ಡಿನ ಹೊಣೆ ಬಂದ ಮೇಲೆ ಅವರು ತಂದ ಕಟ್ಟಳೆ ಒಂದೇ. ರೋಗಿಯನ್ನು ನೋಡಲು ಬಂದವರು ಕೈ ತೊಳೆದು, ಉದ್ದನೆಯ ಮೇಜಿನ ಮುಂದೆ ಕೂತು, ಡ್ರೆಸಿಂಗಿನ ಹತ್ತು ಬಟ್ಟೆ ಮಡಚಿ ಒಳಗೆ ಹೋಗಬೇಕು. ದಾರದ ಎಳೆ ಗಾಯದೊಳಗೆ ಉಳಿಯದಂತೆ ಅಂಚು ಒಳಮಡಿಕೆಯಾಗಬೇಕು. ಮಡಿಕೆ ಕೆಟ್ಟಿದ್ದರೆ ಮತ್ತೆ ಹೇಳಿಕೊಡಲು ಅನುಕೂಲವೆಂದು ಪ್ರತಿ ಕಟ್ಟಿಗೂ ಅವರವರ ರೋಗಿಯ ಮಂಚದ ಸಂಖ್ಯೆಯ ಚೀಟಿ. ಎಲ್ಲವೂ ಒಂದೇ ಬುಟ್ಟಿಗೆ, ಅಲ್ಲಿಂದ ಕ್ರಿಮಿ ಕೊಲ್ಲುವ ಆವಿಯ ಯಂತ್ರಕ್ಕೆ.

ಚರಂಡಿಯ ವಿಷಯಕ್ಕೆ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಹೊಡೆದಾಟವಾದ ವರ್ಷ, ಕಾಲು ಸೀಳಿಸಿಕೊಂಡ ಮೇಲಿನ ಬೀದಿಯ ಯುವಕ ನಾಲ್ಕನೆಯ ಮಂಚಕ್ಕೆ ಬಂದ. ಅವನನ್ನು ಹೊಡೆದು ತಾನೂ ತಲೆ ಒಡೆಸಿಕೊಂಡ ಕೆಳಗಿನ ಬೀದಿಯವನು ಹನ್ನೊಂದನೆಯದಕ್ಕೆ. ಯುವಕನ ತಾಯಿ ದರ್ಜಿ. ಕೆಳಗಿನ ಬೀದಿಯವರು ಮುಟ್ಟಿದ ಬಟ್ಟೆ ತನ್ನ ಮಗನಿಗೆ ಬೇಡವೆಂದು ಆಕೆ ಹಟ ಹಿಡಿದಾಗ, ಕೈತುಂಬ ಕೆಲಸವಿದ್ದ ಸಿಸ್ಟರಮ್ಮ, “ಆಯ್ತಮ್ಮ, ನೋಡ್ಕೋತೀನಿ” ಎಂದುಬಿಟ್ಟರು. ಉಳಿದ ದಾದಿಯರಿಗೆ ಹೇಳುವುದನ್ನು ಮರೆತರು.

ಮೂರನೆಯ ದಿನ ಬೆಳಿಗ್ಗೆ ಯುವಕನ ಗಾಯದ ಪಟ್ಟಿ ಬಿಚ್ಚಿದ್ದಾಗ ಹೊಸ ಕಟ್ಟಿನಿಂದ ಹನ್ನೊಂದರ ಚೀಟಿ ಜಾರಿ ಬಿತ್ತು. ತಾಯಿ ಅದನ್ನು ಎತ್ತಿ ಓದಿದಳು. ಮಗನನ್ನು ಕರೆದೊಯ್ಯಲು ಗಾಡಿ ತರಿಸಿ ಎಂದಳು. ಈಗ ಅಲುಗಾಡಿಸಿದರೆ ಕಾಲು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದು ಅವಳ ಕಿವಿಗೆ ಹೋಗಲಿಲ್ಲ. ಗೇಟಿನಲ್ಲಿ ಅವಳ ಬೀದಿಯ ಗಂಡಸರು ನಿಂತಿದ್ದರು. ಹುಡುಗ ಹೀಗೆ ಹೊರಗೆ ಬಂದರೆ ಅವರು ನೆಟ್ಟಗೆ ಕೆಳಗಿನ ಬೀದಿಗೆ ನುಗ್ಗುತ್ತಾರೆಂದು ಸಿಸ್ಟರಮ್ಮನಿಗೆ ಗೊತ್ತಿತ್ತು.

“ತಪ್ಪು ನನ್ನದು. ನಿಮಗೆ ಆ ಮಾತು ಕೊಡಬಾರದಿತ್ತು. ಇಲ್ಲಿರೋದು ಒಂದೇ ಬುಟ್ಟಿ” ಎಂದರು. ಆಮೇಲೆ ಆವಿಗೆ ಹೋಗದೆ ಉಳಿದಿದ್ದ ಹನ್ನೊಂದರ ಕಟ್ಟುಗಳನ್ನು ತಂದು ಅವಳ ಮಡಿಲಿಗಿಟ್ಟರು. “ನೀವು ಬಟ್ಟೆ ಬಲ್ಲವರು. ಒಂದು ಎಳೆ ಹೊರಗೆ ಕಂಡರೂ ಗಾಡಿಗೆ ನಾನೇ ಹೇಳ್ತೀನಿ.”

ಆ ಕಟ್ಟುಗಳನ್ನು ತಾವೇ ಬಿಚ್ಚಿ ನೋಡಿಲ್ಲವೆಂಬುದು ಮಾತಾಡಿದ ಮೇಲೆ ಅವರಿಗೆ ನೆನಪಾಯಿತು. ದರ್ಜಿಯ ಹೆಬ್ಬೆರಳು ಅಂಚಿನ ಮೇಲೆ ಸರಿಯುವುದನ್ನೇ ನೋಡುತ್ತ, ಬಾಯಲ್ಲಿ ಬರದ ಪ್ರಾರ್ಥನೆ ಮಾಡುತ್ತ ನಿಂತರು. ಬಾಗಿಲಲ್ಲಿ ಆ ಕಟ್ಟುಗಳನ್ನು ಮಡಚಿದ್ದ ಹನ್ನೊಂದರವನ ಹೆಂಡತಿಯೂ ನಿಂತಿದ್ದಳು.

ನಾಲ್ಕು ಕಟ್ಟು ಬಿಚ್ಚಿ ನೋಡಿದ ದರ್ಜಿ ತಲೆಯೆತ್ತಿದಳು.

“ಇಷ್ಟು ನೀಟಾಗಿ ಮಡಚೋಳಿಗೆ ಗಂಡನ್ನ ಅಂಕೇಲಿಡೋಕಾಗಲಿಲ್ವಾ?”

“ನಿಮ್ಮ ಮಗ ಏನು ಕಡಿಮೆನಾ ಅಕ್ಕಾ?”

ಮಂಚದ ಮೇಲಿದ್ದ ಯುವಕನೇ ಮೊದಲು ನಕ್ಕ, ನೋವಿಗೆ ಮುಖ ಕಿವುಚಿದ. ತಾಯಿ ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟು, “ಕಟ್ಟಿ ಸಿಸ್ಟರಮ್ಮ, ಗಾಯ ಆರಿಹೋಗುತ್ತೆ” ಎಂದಳು. ಬಂದ ಗಾಡಿ ಖಾಲಿ ಹೋಯಿತು. ಗೇಟಿನಲ್ಲಿದ್ದವರನ್ನು ಬೈದು ಮನೆಗೆ ಅಟ್ಟಿದವಳೂ ಆಕೆಯೇ.

ಚರಂಡಿಯ ತಕರಾರು ಇನ್ನೂ ಒಂದು ವರ್ಷ ಎಳೆಯಿತು. ಅದರಿಂದಾಗಿ ಮತ್ತೊಬ್ಬರು ಈ ವಾರ್ಡಿಗೆ ಬರಲಿಲ್ಲ. ಯುವಕ ತನ್ನ ಕಾಲಮೇಲೆ ನಡೆದು ಮನೆಗೆ ಹೋದ. ಇದು ಕ್ರೈಸ್ತರ ಹೊಣೆ ಎಂಬ ಮಾತನ್ನು ಸಿಸ್ಟರಮ್ಮ ಎಂದೂ ಆಡಿದವರಲ್ಲ. ವಾಸಿಮಾಡುವಾತ ದೇವರು, ಇಬ್ಬರನ್ನೂ ಒಂದೇ ಸೂರಿನಡಿ ಇರಿಸಿಕೊಳ್ಳುವುದಷ್ಟೇ ತಮ್ಮ ಪಾಲು ಎಂದು ನಂಬಿದವರು.

ನಿವೃತ್ತಿಯ ಮೇಲೆ ಆ ಎರಡೂ ಬೀದಿಗಳಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವುದಾಗಿ ಈಗಲೇ ದಿನ ಗೊತ್ತುಮಾಡಿಕೊಂಡಿದ್ದಾರೆ. ಅವರ ಮೊಣಕಾಲುಗಳಿಗೆ ಆ ಮನೆಗಳ ಮೆಟ್ಟಿಲುಗಳನ್ನು ಹತ್ತುವ ಬಲ ಬಹುಕಾಲ ಇರಲಿ. ಯಾವ ಬೀದಿಯಲ್ಲೂ ಅವರಿಗೆ ಬಾಗಿಲು ಮುಚ್ಚದಿರಲಿ.