ನಿಂಬೆರಸಕ್ಕೆ ನೊರೆಯೆದ್ದ ಕಲ್ಲು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದಕ್ಕಿಂತ ನೀರಿನ ಗಿಡ ಬೆಳೆಸುವ ಆಸೆಯೇ ನನಗೆ ಹೆಚ್ಚಿತ್ತು. ಆಲೂರಿನ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಒಂದು ಭಾನುವಾರ ಗಂಡನೊಂದಿಗೆ ಆದೋನಿಯ ಮೀನಿನ ಅಂಗಡಿಗೆ ಹೋದೆ.

"ಗಿಡ ಬೇರು ಹಿಡೀಬೇಕಂದ್ರ ತಳಕ್ಕ ಏನು ಹಾಕಬೇಕ್ರಿ?" ಎಂದು ಕೇಳಿದವಳು ನಾನು. ಅಂಗಡಿಯವನು ಉತ್ತರ ಹೇಳಿದ್ದು ನನ್ನ ಗಂಡನಿಗೆ.

"ಈ ಬಿಳಿ ಕಲ್ಲು ತಗೊಳ್ರಿ ಸಾರ್. ಗಿಡಕ್ಕಂತ್ಲೇ ಬಂದಿದ್ದು."

"ಕೆಳಗ ಮಣ್ಣು ಹಾಕಿ, ಮ್ಯಾಲೆ ಮರಳು ಹರವಿದ್ರ?" ಎಂದೆ.

"ಮಣ್ಣು ಹಾಕಿದ್ರ ನೀರೆಲ್ಲ ರಾಡಿ ಆಗ್ತೈತಿ. ಮೇಡಂಗೆ ಹೇಳ್ರಿ ಸಾರ್."

ನಾನು ಪಕ್ಕದಲ್ಲೇ ನಿಂತಿದ್ದೆ. ಗಂಡ ನಕ್ಕು ತಲೆಯಾಡಿಸಿದರು. ಕಲ್ಲಿನ ಚೀಲ ಮನೆಗೆ ಬಂತು.

ಅದನ್ನು ಹರವಿ ಗಿಡ ನೆಟ್ಟ ಮೂರು ವಾರದಲ್ಲಿ ಎಲೆಗಳು ಹಳದಿಯಾದವು, ಕಾಂಡಗಳು ಬುಡದಲ್ಲೇ ಕೊಳೆತವು. ಗಂಡ ಅಂಗಡಿಗೆ ಫೋನ್ ಮಾಡಿದರೆ, "ಹೆಂಗಸರು ದಿನಾ ಕೈ ಹಾಕ್ತಾರ, ಅದಕ್ಕ ಸಾಯ್ತಾವ" ಎಂದನಂತೆ. ಅದನ್ನು ಇವರು ತಮಾಷೆಯಂತೆ ನನಗೆ ಹೇಳಿದರು. ಮೈ ಉರಿದುಹೋಯಿತು. ಅಡುಗೆಮನೆಗೆ ಹೋಗಿ ಒಂದು ಕಲ್ಲಿನ ಮೇಲೆ ನಿಂಬೆಹಣ್ಣು ಹಿಂಡಿದೆ. ಸಣ್ಣ ಗುಳ್ಳೆಗಳು ಎದ್ದವು. ಸುಣ್ಣದ ಕಲ್ಲಿಗೆ ಹುಳಿ ಬಿದ್ದರೆ ನೊರೆ ಬರುತ್ತದೆಂದು ಪ್ರತಿ ವರ್ಷ ಮಕ್ಕಳಿಗೆ ತೋರಿಸುವವಳು ನಾನೇ. ಅಂಗಡಿಯಲ್ಲೇ ಇದು ಹೊಳೆಯಲಿಲ್ಲವೆಂದು ನನ್ನ ಮೇಲೂ ಸಿಟ್ಟು ಬಂತು.

ಮರುದಿನ ಶಾಲೆ ಮುಗಿಸಿ ಒಬ್ಬಳೇ ಬಸ್ಸು ಹತ್ತಿದೆ. ಅಂಗಡಿಯವನ ಮೇಜಿನ ಮೇಲೆ ಅವನದೇ ಕಲ್ಲಿಟ್ಟು ನಿಂಬೆಹಣ್ಣು ಹಿಂಡಿದೆ.

"ನೋಡ್ರಿ, ಇದು ನೆಲಕ್ಕ ಹಾಕೋ ಸುಣ್ಣದ ಕಲ್ಲು. ನಮ್ಮ ಬೋರಿನ ನೀರು ಮೊದಲೇ ಗಡಸು, ಇದು ಕರಗಿದ್ರ ಇನ್ನೂ ಗಡಸಾಗ್ತೈತಿ. ಗಿಡಕ್ಕ ತಿನ್ನಾಕ ಇದರಾಗ ಏನೈತಿ?"

ಅವನು ಬಾಗಿಲ ಕಡೆ ನೋಡಿದ. "ಸಾರ್ ಬರಲಿಲ್ಲೇನ್ರಿ?"

"ನಾನು ಬಂದೀನಲ್ಲ. ನನ್ನ ಕೂಡ ಮಾತಾಡ್ರಿ."

ಅಲ್ಲಿದ್ದ ಗಿರಾಕಿಯೊಬ್ಬರು ಬಗ್ಗಿ ಗುಳ್ಳೆಗಳನ್ನು ನೋಡಿದರು, ಕೈಯಲ್ಲಿದ್ದ ಬಿಳಿ ಕಲ್ಲಿನ ಪೊಟ್ಟಣವನ್ನು ಸದ್ದಿಲ್ಲದೆ ಕೆಳಗಿಟ್ಟರು. ಅಂಗಡಿಯವನು ಬದಲಿಗೆ ನೀಲಿ ಬಣ್ಣದ ಕಲ್ಲು ಕೊಡುತ್ತೇನೆಂದ. ಬೇಡವೆಂದೆ. ಅಂಗಡಿಯಲ್ಲಿದ್ದ ಬಿಳಿ ಕಲ್ಲಿನ ಚೀಲದ ಮೇಲೆ ಅಂಟಿಸಿದ್ದ 'ಗಿಡಗಳಿಗೆ ಉತ್ತಮ' ಎಂಬ ಚೀಟಿ ತೆಗೆಯಿರಿ ಎಂದೆ. ನನ್ನ ಮುಖ ನೋಡದೆ ಕಿತ್ತ.

ಮನೆಗೆ ಬಂದು ತೊಟ್ಟಿಯ ಕಲ್ಲೆಲ್ಲ ತೆಗೆದು, ಕೆಮ್ಮಣ್ಣು ಜರಡಿ ಹಿಡಿದು ತಳಕ್ಕೆ ಹಾಕಿದೆ. ಪಕ್ಕದವರು ಮನೆ ಕಟ್ಟಲು ತರಿಸಿದ್ದ ಹೊಳೆ ಮರಳನ್ನು ಕೇಳಿ ತಂದು, ಅದರ ಮೇಲೂ ನಿಂಬೆಹಣ್ಣು ಹಿಂಡಿ ನೋಡಿದೆ. ಗುಳ್ಳೆ ಏಳಲಿಲ್ಲ. ನೀರು ತಿಳಿಯಾಗುವವರೆಗೆ ಆ ಮರಳನ್ನು ತೊಳೆದವರು ನನ್ನ ಗಂಡ.

"ಅವತ್ತೇ ಅವನಿಗೆ ನಾನೊಂದು ಮಾತು ಹೇಳಬೇಕಿತ್ತು" ಎಂದರು, ಬಕೆಟ್ಟಿನಿಂದ ತಲೆಯೆತ್ತದೆ.

"ಹೌದು, ಹೇಳಬೇಕಿತ್ತು" ಎಂದೆ.

ಮಣ್ಣಿನ ಮೇಲೆ ಮರಳು ಹರವಿ ಹೊಸ ಗಿಡ ನೆಟ್ಟೆ. ತಿಂಗಳೊಳಗೆ ಗಾಜಿನಂಚಿನ ಮಣ್ಣಿನಲ್ಲಿ ಬಿಳಿ ಬೇರುಗಳು ಇಳಿದಿದ್ದವು. ಆದೋನಿಯ ಆ ಅಂಗಡಿಗೆ ಮತ್ತೆ ಹೋದಾಗ ನೋಡಿದೆ: ಬಿಳಿ ಕಲ್ಲಿನ ಚೀಲದ ಮೇಲೆ ಅದೇ ಮಾತಿನ ಹೊಸ ಚೀಟಿ ಅಂಟಿಸಿದ್ದ. ಅದನ್ನು ನಾನೇ ಕಿತ್ತು ಅವನ ಕೈಗೆ ಕೊಟ್ಟು ಬಂದೆ.