ರತ್ನಗಂಬಳಿಯ ಅಡಿಯ ಲೋಟದ ಗುರುತು

ದೇಶದ ಅಧ್ಯಕ್ಷರ ಅಧಿಕೃತ ನಿವಾಸದ ದೊಡ್ಡ ಸಭಾಂಗಣದ ಮರದ ನೆಲಕ್ಕೆ ಇಪ್ಪತ್ತೆರಡು ವರ್ಷ ಮಂಡಿಯೂರಿ ಮೇಣ ತಿಕ್ಕಿದವಳು ಅವಳು. ಮಂಡಿಯ ಚರ್ಮ ಒರಟಾಗಿ ಕಪ್ಪುಗಟ್ಟಿತ್ತು. ನೆಲ ಮಾತ್ರ ಕನ್ನಡಿ. ವಾರಕ್ಕೆರಡು ದಿನ ಸಾರ್ವಜನಿಕರಿಗೆ ಪ್ರವೇಶ. ಗಂಟೆ ಬಾರಿಸಿದ ಕೂಡಲೇ ಕೆಲಸದವರೆಲ್ಲ ಬಕೆಟ್ಟು, ಬಟ್ಟೆ ಎತ್ತಿಕೊಂಡು, ಗೋಡೆಯ ಬಣ್ಣವನ್ನೇ ಬಳಿದ ಒಂದು ಸಣ್ಣ ಬಾಗಿಲ ಹಿಂದೆ ಸೇರಿಕೊಳ್ಳಬೇಕು. ನೋಡಲು ಬಂದವರ ಕಣ್ಣಿಗೆ ಬೀಳಕೂಡದು, ಕೆಮ್ಮಲೂ ಕೂಡದು. ಗೇಟಿನ ಮೇಲೆ ಮಾತ್ರ ಬೋರ್ಡು: 'ಇದು ನಿಮ್ಮದೇ ಮನೆ.' ಯಾರ ಮನೆಯಲ್ಲಿ ಮನೆಯವರು ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ?

ಅದನ್ನೂ ಅವಳು ನುಂಗಿಕೊಂಡಿದ್ದಳು. ನುಂಗಲಾಗದ್ದು ಅತ್ತೆಯ ನಾಲಿಗೆ.

"ಅಧ್ಯಕ್ಷರ ಮನೆಯಂತೆ. ಹಿತ್ತಿಲಲ್ಲಿ ಕಸ ಗುಡಿಸ್ತಿರ್ತೀಯ, ಬಿಡೇ. ನಿನ್ನನ್ನ ಒಳಗೆ ಯಾರು ಬಿಡ್ತಾರೆ?"

ಅತ್ತೆಗೆ ಎಂಬತ್ತು ದಾಟಿತ್ತು. ಕಣ್ಣು ಮುಚ್ಚುವ ಮೊದಲು ಆಕೆ ಒಂದು ಸಲ ಆ ನೆಲ ನೋಡಿ, ಇದು ನನ್ನ ಸೊಸೆಯ ಕೈಕೆಲಸ ಅನ್ನಬೇಕು. ಅಷ್ಟೇ ಇವಳ ಆಸೆ. ಕೆಲಸದವರು ಪ್ರವಾಸಿಗರ ಜೊತೆ ಬರಕೂಡದೆಂಬ ನಿಯಮ ಗೊತ್ತಿದ್ದೂ, ರಜೆಯ ದಿನ ಅತ್ತೆಯ ಕೈಹಿಡಿದು ಸಾಲಿನಲ್ಲಿ ನಿಂತಳು.

ಬಾಗಿಲಲ್ಲಿ ಎಲ್ಲರ ಚಪ್ಪಲಿಗೂ ಬಟ್ಟೆಯ ಚೀಲ ತೊಡಿಸಿದರು. "ಇವರು ಕಾಲಿಗೂ ಟೋಪಿ ಹಾಕ್ತಾರಲ್ಲೇ" ಎಂದಳು ಮುದುಕಿ.

ಸಭಾಂಗಣದಲ್ಲಿ ಗೈಡ್ ಕೈಯೆತ್ತಿದ. "ಈ ನೆಲ ನೋಡಿ. ನೂರು ವರ್ಷದಿಂದ ಯಾರೂ ಕೈ ಹಚ್ಚಿಲ್ಲ. ಮರದ ಗುಣ ಅಂಥದ್ದು, ತಾನಾಗೇ ಹೊಳೆಯುತ್ತೆ."

ಅತ್ತೆ ಓರೆಗಣ್ಣಲ್ಲಿ ಸೊಸೆಯ ಮುಖ ನೋಡಿದಳು. "ಕೇಳಿದ್ಯಾ? ಯಾರೂ ಕೈ ಹಚ್ಚಿಲ್ವಂತೆ."

ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಇಪ್ಪತ್ತೆರಡು ವರ್ಷವೇ ಹೋಗುತ್ತದೆ. ಅಡ್ಡ ಕಟ್ಟಿದ್ದ ಹಗ್ಗ ದಾಟಿ, ಮೂರನೆಯ ಕಿಟಕಿಯ ಬಳಿ ರತ್ನಗಂಬಳಿಯ ಮೂಲೆ ಎತ್ತಿದಳು. ಹಲಗೆಯ ಮೇಲೆ ಬಿಳಿಚಿದ ದುಂಡನೆಯ ಗುರುತು.

"ಔತಣದ ದಿನ ಯಾರೋ ದೊಡ್ಡವರು ಬಿಸಿ ಲೋಟ ಇಲ್ಲಿಟ್ಟು ಮರೆತ್ರು. ಮೂರು ದಿನ ಉಜ್ಜಿದೆ, ಹೋಗ್ಲಿಲ್ಲ. ಅದಕ್ಕೇ ಈ ಕಂಬಳಿ ಹಾಸಿದ್ದು. ತಾನಾಗೇ ಹೊಳೆಯೋ ನೆಲ ಇದನ್ನ ಯಾಕೆ ಒರೆಸ್ಕೊಳ್ಲಿಲ್ಲ, ಸ್ವಾಮಿ?"

ಗೈಡ್ ಕಾವಲಿನವನಿಗೆ ಕಣ್ಸನ್ನೆ ಮಾಡಿದ. ಕಾವಲಿನವನು ಅವಳ ತೋಳಿಗೆ ಕೈ ಹಾಕಲು ಬಂದ. ಮುದುಕಿ ಕೋಲೂರಿಕೊಂಡು ಅಡ್ಡ ನಿಂತಳು.

"ಕೈ ತೆಗಿಯಪ್ಪ. ನನ್ನ ಸೊಸೆ ತಿಕ್ಕಿದ ನೆಲದ ಮೇಲೆ ನಿಂತ್ಕೊಂಡು ಅವಳ ಮೇಲೇ ಕೈ ಮಾಡ್ತೀಯ?"

ಮರುದಿನ ಮೇಲ್ವಿಚಾರಕ ಒಂದು ಕಾಗದ ಮುಂದಿಟ್ಟ. 'ನಾನು ಹೇಳಿದ್ದು ಸುಳ್ಳು' ಎಂದು ಸಹಿ ಹಾಕಿದರೆ ಕೆಲಸ ಉಳಿಯುತ್ತದೆ ಎಂದ. ಆ ಗುರುತು ಮುಚ್ಚಲು ಕಂಬಳಿ ತರಿಸಿದವನೇ ಅವನು. ಸುಳ್ಳೆಂದು ಒಪ್ಪಿಕೋ ಅನ್ನುವಾಗ ಅವನ ನಾಲಿಗೆ ತೊದಲಲೂ ಇಲ್ಲ. ಅವಳು ಮೇಣದ ಬಟ್ಟೆಯನ್ನು ಆ ಕಾಗದದ ಮೇಲಿಟ್ಟು ಹೊರಟುಬಂದಳು. ಸಂಜೆಯೊಳಗೆ ಬೇರೊಬ್ಬಳನ್ನು ತಂದು ಮಂಡಿಯೂರಿಸಿದರು. ಗಂಟೆ ಬಾರಿಸಿದರೆ ಅವಳಿಗೂ ಅದೇ ಬಾಗಿಲು.

ಅತ್ತೆ ಹೊಸ್ತಿಲಲ್ಲೇ ಕಾದಿದ್ದಳು. "ಸಹಿ ಹಾಕ್ದ್ಯಾ?"

"ಇಲ್ಲ ಅತ್ತೆ."

"ಹಾಕಿದ್ರೆ ಒಳಗೆ ಸೇರಿಸ್ತಿರ್ಲಿಲ್ಲ." ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬಾ, ಕೂತ್ಕೋ. ಮಂಡಿ ತೋರ್ಸು."