ಕಡೆಯ ಗಾಡಿ ಬರುವವರೆಗೆ

ದನದ ಡಾಕ್ಟರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಮದ್ದೂರು ಸ್ಟೇಷನ್ನಿನ ಜಟಕಾ ಕುದುರೆಯೊಂದರ ಬಾಯಿಗೆ ಕೈ ಹಾಕಿದಾಗ ಅದು ಕಚ್ಚಿ ಉಗುರನ್ನು ಬುಡಸಮೇತ ಕಿತ್ತಿತ್ತಂತೆ. ಆಮೇಲೆ ಅಲ್ಲಿ ಬಂದದ್ದು ನುಣ್ಣನೆಯ ಕೆಂಪು ಚರ್ಮ ಮಾತ್ರ. ಯಾರಾದರೂ ಅಯ್ಯೋ ಪಾಪ ಎಂದರೆ ಅವರಿಗೆ ರೇಗುತ್ತಿತ್ತು. ಕುದುರೆಗೆ ಹಲ್ಲುನೋವಿತ್ತು, ನನಗೆ ಬುದ್ಧಿ ಇರಲಿಲ್ಲ, ಲೆಕ್ಕ ಸರಿಹೋಯಿತು ಎನ್ನುತ್ತಿದ್ದರು.

ಅವರು ಮಂಡ್ಯದ ಪಕ್ಕದ ಯಲಿಯೂರಿನವರು. ಓದಿದ್ದು ಮದರಾಸಿನಲ್ಲಿ, ಮಾತು ಮಾತ್ರ ಯಲಿಯೂರು ಬಿಟ್ಟು ಕದಲಿರಲಿಲ್ಲ. ಅಮಲ್ದಾರರ ಮುಂದೆಯೂ ಅದೇ ಮಾತು, ಬಂಡೂರಿನ ಕುರಿಯವರ ಮುಂದೆಯೂ ಅದೇ ಮಾತು. ಮೋಟಾರ್ ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಖಾಕಿ ಕೋಟಿನ ಒಂದು ಜೇಬಿನಲ್ಲಿ ಸೂಜಿ, ಇನ್ನೊಂದರಲ್ಲಿ ಹುರಿಗಡಲೆ; ಮೈಯೆಲ್ಲ ಫಿನಾಯಿಲ್ ವಾಸನೆ. ಮಳವಳ್ಳಿಯಲ್ಲಿ ನನ್ನ ಸೋಡಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಗೋಲಿ ಸೋಡಾ ಒಂದೇ ಉಸಿರಿಗೆ ಕುಡಿದು, ಬೀದಿಗೆಲ್ಲ ಕೇಳುವಂತೆ ತೇಗಿ, ಇದು ಸರ್ಕಾರಿ ತೇಗು ಎಂದು ಹೇಳಿ ಹೋಗುತ್ತಿದ್ದರು. ಅವರ ಸ್ನೇಹ ನನಗೆ ಸಿಕ್ಕಿದ್ದು ಹೀಗೆ, ತೇಗಿನ ಮೂಲಕ.

ನನ್ನ ಹತ್ತಿರವೂ ಒಂದು ಮೋಟಾರ್ ಸೈಕಲ್ ಇತ್ತು. ನಾಲೆ ಕೆಲಸ ಮುಗಿಸಿ ಊರಿಗೆ ಹೊರಟ ಬಿಳಿಯ ಇಂಜಿನಿಯರೊಬ್ಬ ಬಿಟ್ಟುಹೋದದ್ದು. ವಾರವೆಲ್ಲ ಅದರ ಪಕ್ಕಕ್ಕೆ ತೊಟ್ಟಿ ಕಟ್ಟಿ ಸೋಡಾ ಬಾಟಲಿ ಸಾಗಿಸುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮಾತ್ರ ತೊಟ್ಟಿ ಬಿಚ್ಚಿಡುತ್ತಿದ್ದೆ. ಅವತ್ತು ಮದ್ದೂರಿನಿಂದ ಮಳವಳ್ಳಿಗೆ ಮೋಟಾರ್ ಸೈಕಲ್ ಓಟ. ಶಿಂಷಾ ಸೇತುವೆಯ ಬಳಿ ಹೊರಟು, ಕಾಳಮುದ್ದನದೊಡ್ಡಿ ಹಾಯ್ದು, ನಮ್ಮ ಊರಿನ ಕೆರೆ ಏರಿಯ ಹತ್ತಿರ ಮುಗಿಯುತ್ತಿತ್ತು. ವರ್ಷವೆಲ್ಲ ಗಿರಾಕಿಗಳ ಬೈಗುಳ ಕೇಳುವ ನನಗೆ ಆ ಒಂದು ದಿನ ಸಾಕಾಗುತ್ತಿತ್ತು. ನಗುವವರು ನಗಲಿ, ನನಗೆ ಅದೇ ದೊಡ್ಡ ಹಬ್ಬ.

ಆ ಹಬ್ಬಕ್ಕೆ ಕಲ್ಲು ಬಿದ್ದದ್ದು ಮಂಡ್ಯದ ಕಂಟ್ರಾಕ್ಟರೊಬ್ಬರಿಂದ. ಓಟಕ್ಕೆ ಬೆಳ್ಳಿ ಕಪ್ಪು ಕೊಡುತ್ತಿದ್ದವರು ಅವರೇ. ಮಗನಿಗೆ ಹೊಸ ಗಾಡಿ ತರಿಸಿಕೊಟ್ಟರು. ಮುಂಚೆ ಓಟದಲ್ಲಿ ಇದ್ದದ್ದು ಒಂದೇ ವರ್ಗ. ಎಲ್ಲರೂ ಒಟ್ಟಿಗೆ ಹೊರಡುವುದು, ಮೊದಲು ಬಂದವನು ಗೆಲ್ಲುವುದು. ಮಗ ಗೆದ್ದ, ಮತ್ತೆ ಗೆದ್ದ. ನಾವು ಕಾಳಮುದ್ದನದೊಡ್ಡಿ ಮುಟ್ಟುವ ಹೊತ್ತಿಗೆ ಅವನು ಮಳವಳ್ಳಿಯಲ್ಲಿ ಹಾರ ಹಾಕಿಸಿಕೊಂಡು ಕೂತಿರುತ್ತಿದ್ದ, ಬಾವುಟ ಇಳಿದಿರುತ್ತಿತ್ತು, ಜನ ಮನೆಗೆ ಹೋಗಿರುತ್ತಿದ್ದರು. ಯಾರಿಗೆ ಬೇಕು ಈ ಅವಮಾನ ಎಂದು ಒಬ್ಬೊಬ್ಬರೇ ತಮ್ಮ ಗಾಡಿಯ ಮೇಲೆ ಗೋಣಿಚೀಲ ಹೊದಿಸಿದರು. ಅದರ ಮೇಲೆ ಯುದ್ಧ ಬಂತು, ಪೆಟ್ರೋಲಿಗೆ ಕೂಪನ್ನು ಬಂತು. ನಮ್ಮ ಊರಿನ ಸೈಕಲ್ ಷಾಪಿನ ಸಾಬರಂತೂ ತಮ್ಮ ಗಾಡಿಯ ಮೇಲೆ ಕೋಳಿ ಕೂರಿಸಿದ್ದರು.

ಆ ವರ್ಷ ಮದ್ದೂರಿನ ಸರ್ಕಾರಿ ಬಂಗಲೆಯಲ್ಲಿ ಸಭೆ ಸೇರಿದಾಗ ಕಂಟ್ರಾಕ್ಟರು ನೇರವಾಗಿ ಹೇಳಿದರು: ಇನ್ನು ಮೇಲೆ ಹೊಸ ಗಾಡಿಗಳು ಮಾತ್ರ ಓಡಲಿ, ಮೈಸೂರಿನಿಂದ, ಬೆಂಗಳೂರಿನಿಂದ ಸವಾರರನ್ನು ಕರೆಸೋಣ, ಗುಜರಿಗಳಿಗೆ ಈ ರಸ್ತೆಯಲ್ಲಿ ಏನು ಕೆಲಸ. ನನ್ನ ಕಡೆ ತಿರುಗಿ, ಯುದ್ಧದಲ್ಲಿ ಕಬ್ಬಿಣಕ್ಕೆ ಒಳ್ಳೆ ಬೆಲೆ ಇದೆ, ಮಾರಿಬಿಡಪ್ಪಾ ಎಂದರು. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆದರೆ ಮರ್ಯಾದೆಯ ಮಾತು ಬರುತ್ತಿರಲಿಲ್ಲ, ಹೊರಟುಬಿಡೋಣವೆಂದು ಎದ್ದು ನಿಂತೆ.

ಮಾತಾಡಿದವರು ನಮ್ಮ ಜೊತೆ ಸಭೆಗೆ ಬಂದಿದ್ದ ಡಾಕ್ಟರು. ಹುರಿಗಡಲೆ ಅಗಿಯುತ್ತಲೇ ಕೇಳಿದರು.

"ಆಲಲ್ಲಿನ ಕರೂನ ಬಾಯ್ಗೂಡಿದ ಎತ್ತಿನ್ ಜೊತೆ ಕಟ್ಟಿ ಓಡುಸ್ತೀರೇನ್ರೀ? ನಮ್ ದನೀನ್ ಪರಿಸೇಲಿ ಯಾವ ದಡ್ಡನೂ ಆ ಕೆಲ್ಸ ಮಾಡಲ್ಲ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತುಗಳನ್ನು ಹಲ್ಲು ನೋಡಿ ವಿಂಗಡಿಸುತ್ತಾರೆ: ಹಾಲುಹಲ್ಲಿನವು ಒಂದು ಸಾಲು, ನಾಲ್ಕು ಹಲ್ಲಿನವು ಒಂದು ಸಾಲು, ಹಲ್ಲೆಲ್ಲ ಬಂದು ಬಾಯಿ ಕೂಡಿದ ಹಿರಿಯ ಎತ್ತುಗಳು ಇನ್ನೊಂದು ಸಾಲು. ಬಹುಮಾನವೂ ಬೇರೆ ಬೇರೆ. ಮುದಿ ಎತ್ತು ಎಂದು ಯಾರೂ ಮೈದಾನದಿಂದ ಅಟ್ಟುವುದಿಲ್ಲ. ಗಾಡಿಗಳನ್ನೂ ಹಾಗೇ ಮೂರು ವರ್ಗ ಮಾಡೋಣ, ಪ್ರತಿ ವರ್ಗಕ್ಕೂ ಒಬ್ಬ ಗೆಲ್ಲಲಿ, ಕಡೆಯ ಗಾಡಿ ಬರುವವರೆಗೆ ಮಳವಳ್ಳಿಯಲ್ಲಿ ಬಾವುಟ ಇಳಿಸಕೂಡದು ಎಂದರು ಡಾಕ್ಟರು.

ಕಂಟ್ರಾಕ್ಟರು ನಕ್ಕರು. ಗಾಡಿಗೆ ಹಲ್ಲು ಎಲ್ಲಿದೆ, ವಯಸ್ಸು ಹೇಗೆ ನೋಡುತ್ತೀರಿ ಎಂದರು. ಡಾಕ್ಟರು ಅಂಗಳಕ್ಕೆ ಬಂದು ನನ್ನ ಗಾಡಿಯ ಪ್ಲಗ್ಗು ಬಿಚ್ಚಿ, ಆ ತೂತಿನ ಮೇಲೆ ಉಗುರಿಲ್ಲದ ಹೆಬ್ಬೆರಳು ಒತ್ತಿ, ಕಿಕ್ಕರ್ ತುಳಿ ಎಂದರು. ತುಳಿದೆ. ಒಳಗಿನ ಗಾಳಿ ಬೆರಳನ್ನು ಎಷ್ಟು ಜೋರಾಗಿ ತಳ್ಳುತ್ತದೆಯೋ ಇಂಜಿನ್ನು ಅಷ್ಟು ಗಟ್ಟಿ. ನನ್ನದು ಮುದುಕ ಕೆಮ್ಮಿದ ಹಾಗೆ ತಳ್ಳಿತು. ಇದು ಬಾಯ್ಗೂಡಿದ್ದು ಎಂದರು. ಕಂಟ್ರಾಕ್ಟರ ಮಗನ ಗಾಡಿಗೆ ಬೆರಳಿಟ್ಟರು, ಬೆರಳು ಹಾರಿತು. ಇದು ಹಾಲುಹಲ್ಲು ಎಂದರು.

ಹಾಗಾದರೆ ನನ್ನ ಕಪ್ಪು ಇಲ್ಲ ಎಂದರು ಕಂಟ್ರಾಕ್ಟರು. ತೆಗೆದುಕೊಂಡು ಹೋಗಿ, ಅದರಲ್ಲಿ ಕಾಫಿ ಕುಡಿಯಿರಿ ಎಂದರು ಡಾಕ್ಟರು. ಆಮೇಲೆ ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಉಸ್ರಿರೋ ಗಾಡಿಗೆಲ್ಲ ಜಾಗ ಇರ್ಬೇಕು ಕಣ್ರೀ. ಜಾಗ ಇಲ್ಲ ಅಂದ್ರೆ ತಪ್ಪು ವರ್ಗದ್ದು, ಗಾಡೀದಲ್ಲ."

ಕಪ್ಪು ಹೋಯಿತು, ಟಗರು ಬಂತು. ಬಂಡೂರಿನ ಕುರಿಗಳಿಗೆ ರೋಗ ಬಿದ್ದಾಗ ಡಾಕ್ಟರು ಕೊಟ್ಟಿಗೆಯಲ್ಲೇ ಮಲಗಿ ಮಂದೆಯನ್ನು ಉಳಿಸಿದ್ದರು. ಕುರಿಯವರು ಒಂದೊಂದು ವರ್ಗಕ್ಕೆ ಒಂದೊಂದು ಟಗರು ಕೊಟ್ಟರು. ಗಿಡ್ಡ ಕಾಲಿನ, ಮೈತುಂಬಿದ ಬಂಡೂರು ಟಗರು. ಬೆಳ್ಳಿ ಕಪ್ಪು ನೋಡಲು ಬಾರದ ಜನ ಟಗರು ನೋಡಲು ಬಂದರು, ನೋಡಿ! ಗೋಣಿಚೀಲಗಳೆಲ್ಲ ಮೇಲೆದ್ದವು. ಸಾಬರು ಕೋಳಿ ಓಡಿಸಿ ಗಾಡಿ ತೊಳೆದರು. ಆ ವರ್ಷ ಬಾಯ್ಗೂಡಿದ ವರ್ಗದಲ್ಲಿ ಗೆದ್ದವರು ಅವರೇ. ನಾನು ಸೋತೆ. ಆದರೆ ಕೆರೆ ಏರಿಯ ಮೇಲೆ ಬಾವುಟ ಇನ್ನೂ ಹಾರಾಡುತ್ತಿತ್ತು, ಜನ ಇನ್ನೂ ನಿಂತಿದ್ದರು, ನನ್ನನ್ನು ಕಂಡು ಕೂಗಿದರು. ಸೋತವನಿಗೆ ಅಷ್ಟು ಸಂತೋಷ ಆಗಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಮಾರನೆಯ ವರ್ಷದ ಒಂದು ತಮಾಷೆ ಹೇಳಲೇಬೇಕು. ಮೈಸೂರಿನಿಂದ ಇನ್ನೂ ಹೊಸ ಗಾಡಿಯವನೊಬ್ಬ ಬಂದಿದ್ದ. ಅವನ ಮುಂದೆ ಸೋಲುತ್ತೇನೆಂದು ಹೆದರಿದ ಕಂಟ್ರಾಕ್ಟರ ಮಗ ಇಂಜಿನ್ನಿನ ತಲೆಯ ಬೋಲ್ಟು ಸಡಿಲ ಮಾಡಿಕೊಂಡು ನಮ್ಮ ವರ್ಗಕ್ಕೆ ಬಂದು ನಿಂತ. ಡಾಕ್ಟರು ಬೆರಳಿಟ್ಟರು. ಬೆರಳನ್ನು ತಳ್ಳಬೇಕಾದ ಗಾಳಿ ಪಕ್ಕದಿಂದ ಬುಸ್ಸೆಂದಿತು.

"ಎತ್ತಿನ್ ವಯಸ್ಸ ಕಮ್ಮಿ ಏಳೋರ ಬೇಕಾದಷ್ಟು ಕಂಡಿವ್ನಿ. ಜಾಸ್ತಿ ಏಳೋನ್ನ ಇವತ್ತೇ ಕಣ್ಲಾ ಕಂಡದ್ದು," ಎಂದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನನ್ನು ಓಟದಿಂದ ಆಚೆಗೆ ಅಟ್ಟಿ ಎಂದು ನಾನೇ ಮೊದಲು ಕೂಗಿದೆ. ಡಾಕ್ಟರು ನನ್ನನ್ನೇ ಗದರಿದರು. ಬೋಲ್ಟನ್ನು ತಾವೇ ಬಿಗಿ ಮಾಡಿ, ಹುಡುಗನನ್ನು ಅವನ ವರ್ಗದಲ್ಲಿ ನಿಲ್ಲಿಸಿ, ಸೋತರೆ ಸೋಲು, ನಿನ್ನ ಜಾಗವಂತೂ ಇಲ್ಲೇ ಇದೆ ಎಂದರು. ಅವನು ಸೋತ. ಅದರ ಮುಂದಿನ ವರ್ಷವೂ ಬಂದ.

ಸ್ವಾತಂತ್ರ್ಯಕ್ಕೆ ಮುಂಚಿನ ಮಳೆಗಾಲದಲ್ಲಿ ಡಾಕ್ಟರು ಜ್ವರ ಹಿಡಿದು ಮಲಗಿದರು. ನೋಡಲು ಹೋದರೆ ಸೋಡಾ ತಂದೆಯಾ ಎಂದು ಕೇಳಿದರು. ತೇಗುವ ಶಕ್ತಿ ಇರಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ನನ್ ಗಾಡಿ ಮ್ಯಾಲೆ ಗೋಣೀಚೀಲ ಒದ್ಸಬ್ಯಾಡ ಕಣ್ಲಾ," ಎಂದರು.

ಆ ವಾರವೇ ಹೋದರು. ನಾನು ಅಂಗಡಿಯ ಬಾಗಿಲು ಹಾಕಿಕೊಂಡು ಮಗುವಿನ ಹಾಗೆ ಅತ್ತೆ.

ಸಂಕ್ರಾಂತಿ ಕಳೆಯಿತು. ಡಾಕ್ಟರಿಲ್ಲ ಎಂದು ಕಂಟ್ರಾಕ್ಟರು ಮತ್ತೆ ಕಪ್ಪು ಹಿಡಿದುಕೊಂಡು ಬಂದರು. ಒಂದೇ ವರ್ಗ ಇರಲಿ ಎಂದರು. ಆಗದು ಎಂದೆವು. ನಾನು ನನ್ನ ಗಾಡಿ ಬಿಟ್ಟು ಡಾಕ್ಟರ ಗಾಡಿಯನ್ನು ಸೇತುವೆಯ ಬಳಿಗೆ ತಂದಿದ್ದೆ. ಮಳೆಗಾಲವೆಲ್ಲ ನಿಂತೇ ಇದ್ದ ಗಾಡಿ. ಪ್ಲಗ್ಗು ಬಿಚ್ಚಿ ನನ್ನ ಹೆಬ್ಬೆರಳನ್ನು ಇಟ್ಟೆ. ಸಾಬರು ಕೈ ಮುರಿದುಕೊಂಡಿದ್ದರಿಂದ ಆ ವರ್ಷ ಓಡದೆ, ಬಾವುಟ ಹಿಡಿಯಲು ಮಳವಳ್ಳಿಯಲ್ಲೇ ಉಳಿದಿದ್ದರು. ಕಿಕ್ಕರ್ ತುಳಿದವನು ಕಂಟ್ರಾಕ್ಟರ ಮಗ. ಬೆರಳಿಗೆ ಏನೂ ತಾಗಲಿಲ್ಲ ಎಂದರೂ ಸರಿ. ಉಸಿರಿದೆಯೇನಯ್ಯ ಎಂದು ಕಂಟ್ರಾಕ್ಟರು ಕೇಳಿದರು. ಇದೆ, ಬಾಯ್ಗೂಡಿದ್ದು ಎಂದೆ. ಹುಡುಗ ನನ್ನ ಮುಖ ನೋಡಿದ, ಪ್ಲಗ್ಗನ್ನು ಎತ್ತಿ ನನ್ನ ಕೈಗೆ ಕೊಟ್ಟ.

ತಳ್ಳಿ ತಳ್ಳಿ ಹೊರಡಿಸಿದೆವು. ದೊಡ್ಡಿ ದಾಟಿದ ಮೇಲೆ ಗಾಡಿ ನಿಂತಿತು, ಮತ್ತೆ ಏಳಲಿಲ್ಲ. ಇಳಿದು ತಳ್ಳತೊಡಗಿದೆ. ಒಬ್ಬೊಬ್ಬರೇ ನನ್ನನ್ನು ದಾಟಿ ಹೋದರು. ಕಬ್ಬಿನ ಗಾಡಿಯವನೊಬ್ಬ, ಅದ್ನ ಮೇಲಕ್ಕೆ ಹತ್ತಿಸು ಅಣ್ಣ, ಮಳವಳ್ಳಿಗೆ ಬಿಡ್ತೀನಿ ಎಂದ. ಹತ್ತಿಸಿದರೆ ಓಟ ಹೇಗಾಗುತ್ತದೆ ಎಂದು ಅವನ ಮೇಲೆ ರೇಗಿದೆ. ಪಾಪ, ಅವನದೇನು ತಪ್ಪು. ಅಂಗೈಗೆ ಬೊಬ್ಬೆ ಬಂತು, ಚಪ್ಪಲಿ ಕಿತ್ತುಹೋಯಿತು. ಬಾವುಟ ಇಳಿದಿದ್ದರೆ ಡಾಕ್ಟರು ಇನ್ನೊಮ್ಮೆ ಸತ್ತ ಹಾಗೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಹೊತ್ತು ಮುಳುಗುವಾಗ ಕೆರೆ ಏರಿ ಕಂಡಿತು. ಬಾವುಟ ಇಳಿಸಿ, ಸಾಕು ಎಂದು ಕಂಟ್ರಾಕ್ಟರು ಬಹಳ ಹೊತ್ತು ಜಗಳವಾಡಿ ಹೋಗಿದ್ದರೆಂದು ಆಮೇಲೆ ತಿಳಿಯಿತು. ಅವರ ಮಗ ಮಾತ್ರ ಅಪ್ಪನ ಕಾರು ಹತ್ತದೆ ಅಲ್ಲೇ ಕಲ್ಲಿನ ಮೇಲೆ ಕೂತಿದ್ದ. ಉಳಿದ ಸವಾರರೂ ಇದ್ದರು. ಸಾಬರು ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಬಾವುಟವನ್ನು ಎತ್ತಿ ಹಿಡಿದೇ ಇದ್ದರು.

"ಬಿರ್ನೆ ತಳ್ಳಲಾ," ಎಂದರು ನನ್ನನ್ನು ನೋಡಿ. "ಕೈ ನೋಯ್ತಾ ಅದೆ."

ತಳ್ಳಿದೆ. ಡಾಕ್ಟರ ಗಾಡಿಯ ಮುಂದಿನ ಚಕ್ರ ಗೆರೆ ದಾಟಿದ ಮೇಲೆಯೇ ಸಾಬರು ಕೈ ಇಳಿಸಿದರು.